ಡೈವ್‌ಮಾಸ್ಟರ್ ತರಬೇತಿ: ಗಡಿನಾಡಿನಿಂದ ನೇತ್ರಾಣಿಗೆ

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜುವ ಸ್ಕೂಬಾ ಕ್ರೀಡೆಯಲ್ಲಿ, ಮುಳುಗುಗಾರರ ತಂಡವನ್ನು ನೀರಿಗಿಳಿಸಿ, ದಾರಿ ತೋರಿಸಿ, ಎಲ್ಲರನ್ನೂ ಎಣಿಸಿ ಮೇಲೆ ತರುವ ಹೊಣೆ ಹೊತ್ತವರು ಡೈವ್‌ಮಾಸ್ಟರ್. ದೋಣಿಯ ಮೇಲೆ ಇವರನ್ನು ‘ಡಿಎಂ’ ಎಂದೇ ಕರೆಯುವುದು ರೂಢಿ. ಈ ಮಟ್ಟಕ್ಕಿಂತ ಕೆಳಗಿನ ಪ್ರಮಾಣಪತ್ರಗಳೆಲ್ಲ ತನ್ನ ಸಂತೋಷಕ್ಕೆ, ತನ್ನ ಸುರಕ್ಷತೆಗೆ ಪಡೆಯುವಂಥವು. ಇಲ್ಲಿಂದ ಮುಂದಿನವು ಇನ್ನೊಬ್ಬರ ಜೀವದ ಜವಾಬ್ದಾರಿ ಹೊರಲು. ಹೀಗಾಗಿ ಡೈವ್‌ಮಾಸ್ಟರ್ ತರಬೇತಿಯಲ್ಲಿ ಅಭ್ಯರ್ಥಿ ಎಷ್ಟು ಆಳಕ್ಕೆ ಹೋಗಬಲ್ಲ ಎಂಬುದು ದೊಡ್ಡ ಪ್ರಶ್ನೆಯಲ್ಲ. ತನ್ನ ಉಸಿರು, ತನ್ನ ತೇಲುವಿಕೆ, ತನ್ನ ಭಯಗಳನ್ನೆಲ್ಲ ಅಭ್ಯಾಸಕ್ಕೆ ಒಪ್ಪಿಸಿ, ಕಣ್ಣನ್ನು ಪೂರ್ತಿಯಾಗಿ ಜೊತೆಗಿದ್ದವರ ಮೇಲೆ ಇಡಬಲ್ಲನೇ ಎಂಬುದನ್ನೇ ಇಡೀ ಕೋರ್ಸ್ ಪರೀಕ್ಷಿಸುತ್ತದೆ.

ಫ್ರಾನ್ಸಿನ ಝಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ 1943ರ ಹೊತ್ತಿಗೆ ರೂಪಿಸಿದ ಆಕ್ವಾ ಲಂಗ್ ಉಪಕರಣ ಎರಡನೆಯ ಮಹಾಯುದ್ಧದ ನಂತರ ಜನಸಾಮಾನ್ಯರ ಕೈಗೆ ಬಂತು. ಕೆಲವರಿಗಷ್ಟೇ ಗೊತ್ತಿದ್ದ ವಿದ್ಯೆ ಕ್ರೀಡೆಯಾಯಿತು; ಅದರ ಬೆನ್ನಿಗೇ ಅಪಘಾತಗಳೂ ಬಂದವು, ತರಬೇತಿ ಸಂಸ್ಥೆಗಳೂ ಹುಟ್ಟಿದವು. 1959ರಲ್ಲಿ ಮೊನಾಕೋದಲ್ಲಿ ‘ಸಿಮಾಸ್’ ಎಂಬ ವಿಶ್ವ ಒಕ್ಕೂಟ ಸ್ಥಾಪನೆಯಾದಾಗ ಕುಸ್ತೋ ಅದರ ಮೊದಲ ಅಧ್ಯಕ್ಷರಾದರು. ಇಂದು ಭಾರತದಲ್ಲಿ ಹೆಚ್ಚು ಕೇಳಿಬರುವ ‘ಪ್ಯಾಡಿ’ 1966ರಲ್ಲಿ, ‘ಎಸ್‌ಎಸ್‌ಐ’ 1970ರಲ್ಲಿ ಅಮೆರಿಕದಲ್ಲಿ ಆರಂಭವಾದವು. ಪ್ರತಿ ಸಂಸ್ಥೆಯ ಪಠ್ಯ, ಹೆಸರು, ಶುಲ್ಕ ಬೇರೆಬೇರೆ. ಆದರೆ ಇವನ್ನು ಹೋಲಿಸಿ ನೋಡಲು ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯು ಐಎಸ್‌ಒ 24801 ಎಂಬ ಮಾನಕದಲ್ಲಿ ಹವ್ಯಾಸಿ ಮುಳುಗುಗಾರರನ್ನು ಮೂರು ಮಟ್ಟಗಳಾಗಿ ವಿಂಗಡಿಸಿದೆ: ಮೇಲ್ವಿಚಾರಣೆಯಲ್ಲಿ ಮುಳುಗುವವರು, ಸ್ವತಂತ್ರವಾಗಿ ಮುಳುಗುವವರು, ತಂಡ ಮುನ್ನಡೆಸುವವರು. ಪ್ಯಾಡಿಯ ಡೈವ್‌ಮಾಸ್ಟರ್, ಸಿಮಾಸ್‌ನ ಮೂರು ನಕ್ಷತ್ರದ ಮುಳುಗುಗಾರ ಈ ಮೂರನೆಯ ಮಟ್ಟಕ್ಕೆ ಸರಿಸಮ. ಬೋಧಕರಿಗೆ 24802 ಎಂಬ ಪ್ರತ್ಯೇಕ ಮಾನಕವಿದೆ.

ಸಮುದ್ರವಿಲ್ಲದ ಸೀಮೆ

ತೆಲಂಗಾಣದ ಗಡಿಭಾಗದ ಜಹೀರಾಬಾದ್, ನಾರಾಯಣಖೇಡ್ ಮತ್ತು ತಾಂಡೂರಿನ ಕನ್ನಡಿಗರಿಗೆ ಸಮುದ್ರ ದೂರದ ಮಾತು. ಹೈದರಾಬಾದ್ ರಾಜ್ಯ ಇದ್ದ ಕಾಲದಲ್ಲಿ ಮೊದಲೆರಡು ಬೀದರ್ ಜಿಲ್ಲೆಗೆ, ತಾಂಡೂರು ಕಲಬುರಗಿ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್ ಮತ್ತು ಕಲಬುರಗಿ ಮೈಸೂರು ರಾಜ್ಯಕ್ಕೆ ಬಂದವು, ಈ ಮೂರು ಊರುಗಳು ಆಂಧ್ರಪ್ರದೇಶದಲ್ಲಿ ಉಳಿದವು. 2014ರಿಂದ ತೆಲಂಗಾಣಕ್ಕೆ ಸೇರಿವೆ. 2016ರ ಜಿಲ್ಲಾ ವಿಂಗಡಣೆಯ ನಂತರ ಜಹೀರಾಬಾದ್, ನಾರಾಯಣಖೇಡ್ ಸಂಗಾರೆಡ್ಡಿ ಜಿಲ್ಲೆಯಲ್ಲಿ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿವೆ. ಮನೆಯಲ್ಲಿ ಕನ್ನಡ, ಶಾಲೆ ಕಚೇರಿಗಳಲ್ಲಿ ತೆಲುಗು, ಸಂತೆಯಲ್ಲಿ ದಖನಿ ಉರ್ದು ಆಡುತ್ತ ಬೆಳೆದ ಈ ಭಾಗದ ಮಕ್ಕಳು ಓದಿಗೂ ನೌಕರಿಗೂ ಹೋಗುವುದು ಹೈದರಾಬಾದಿಗೆ. ಸ್ಕೂಬಾ ಎಂಬ ಕ್ರೀಡೆ ಅವರಿಗೆ ಎದುರಾಗುವುದೂ ಅಲ್ಲಿಂದ ಹೊರಟ ಗೋವಾ, ಮುರ್ಡೇಶ್ವರ, ಅಂಡಮಾನ್ ಪ್ರವಾಸಗಳಲ್ಲೇ.

ಹಾಗೆಂದು ಇದು ನೀರೇ ಇಲ್ಲದ ಸೀಮೆಯಲ್ಲ. ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿದ ಮಂಜೀರಾ ನದಿ ಬೀದರ್ ಜಿಲ್ಲೆ ದಾಟಿ ನಾರಾಯಣಖೇಡ್ ಕಡೆಗೆ ಬರುತ್ತದೆ. ಹೈದರಾಬಾದಿಗೆ ಕುಡಿಯುವ ನೀರು ಕೊಡುವ ಸಿಂಗೂರು ಜಲಾಶಯ ಅದರ ಮೇಲೇ ಇದೆ. ತಾಂಡೂರಿನ ಮಗ್ಗುಲಲ್ಲಿ ಭೀಮೆಯ ಉಪನದಿ ಕಾಗಿಣಾ ಹರಿಯುತ್ತದೆ. ತಾಂಡೂರು ಸುತ್ತಿನ ನೆಲದಲ್ಲಿ ಹಾಸುಗಲ್ಲು ತೆಗೆದು ಬಿಟ್ಟ ಕ್ವಾರಿಗಳು ಮಳೆಗಾಲದಲ್ಲಿ ತುಂಬಿ ನಿಲ್ಲುತ್ತವೆ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಹೊಲದ ಬಾವಿಗೆ ಧುಮುಕಿ ಈಜು ಕಲಿತ ತಲೆಮಾರು ಇನ್ನೂ ಈ ಹಳ್ಳಿಗಳಲ್ಲಿದೆ.

ಆದರೆ ಈ ಯಾವ ನೀರೂ ಡೈವ್‌ಮಾಸ್ಟರ್ ತರಬೇತಿಗೆ ತಕ್ಕದ್ದಲ್ಲ. ಸಿಂಗೂರು ಕುಡಿಯುವ ನೀರಿನ ಆಸರೆ. ಅದರಿಂದ ಕೆಳಗಿನ ಮಂಜೀರಾ ಬ್ಯಾರೇಜಿನವರೆಗಿನ ಹರಿವು ವನ್ಯಜೀವಿ ಧಾಮ, ಅಲ್ಲಿ ಮೊಸಳೆಗಳಿವೆ. ಕ್ವಾರಿಗಳದು ಇನ್ನೂ ಕೆಟ್ಟ ಕಥೆ: ನೇರ ಇಳಿದ ಗೋಡೆ, ಹತ್ತಿ ಬರಲು ಮೆಟ್ಟಿಲಿಲ್ಲ, ತಳದಲ್ಲಿ ಹೂಳು, ಒಮ್ಮೆ ಕಲಕಿತೆಂದರೆ ಚಾಚಿದ ಕೈ ಕಾಣದು. ಹುಡುಗರು ಈಜಲು ಹೋಗಿ ಜೀವ ಕಳೆದುಕೊಳ್ಳುವ ಜಾಗಗಳಿವು. ಸಿಲಿಂಡರ್ ಇದೆಯೆಂದು ಅಲ್ಲಿ ಇಳಿಯುವ ಸಾಹಸವನ್ನು ಯಾವ ಮನ್ನಣೆ ಪಡೆದ ಸಂಸ್ಥೆಯೂ ತರಬೇತಿ ಎಂದು ಒಪ್ಪುವುದಿಲ್ಲ. ಈ ಮೂರೂ ಊರಿನ ಅಭ್ಯರ್ಥಿ ಓದನ್ನು ಮನೆಯಲ್ಲಿ ಮುಗಿಸಬೇಕು, ಈಜನ್ನು ನೂರು ಕಿ.ಮೀ.ಗಿಂತ ತುಸು ಹೆಚ್ಚು ದೂರದ ಹೈದರಾಬಾದಿನ ಕೊಳಗಳಲ್ಲಿ ಹದಗೊಳಿಸಬೇಕು, ಉಳಿದದ್ದಕ್ಕೆ ಕರಾವಳಿಗೆ ಹೋಗಬೇಕು.

ನೇತ್ರಾಣಿ

ಕನ್ನಡ ನಾಡಿನಲ್ಲಿ ಆ ಕರಾವಳಿ ಎಂದರೆ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರ. ಅಲ್ಲಿಂದ ಸುಮಾರು 19 ಕಿ.ಮೀ. ದೂರದಲ್ಲಿ ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ದ್ವೀಪವಿದೆ. ಕಾಡು ಪಾರಿವಾಳಗಳಿಂದಾಗಿ ಇಂಗ್ಲಿಷರ ನಕ್ಷೆಗಳಲ್ಲಿ ಪಿಜನ್ ಐಲೆಂಡ್ ಎನಿಸಿತ್ತು. ಕಡಿದಾದ ಬಂಡೆಗಳ ಈ ದ್ವೀಪದ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ, ನೀರಿನಡಿ ಹವಳದ ದಿಬ್ಬಗಳಿವೆ. ಚಿಟ್ಟೆಮೀನು, ಗಿಳಿಮೀನು, ಮುರುಮೀನು, ಬರಾಕುಡಾಗಳ ಹಿಂಡು, ಆಗೀಗ ಕಡಲಾಮೆ ಕಾಣಸಿಗುತ್ತವೆ. ಇಂಥ ದ್ವೀಪವನ್ನು ನೌಕಾಪಡೆ ಬಹುಕಾಲ ಗುರಿ ಅಭ್ಯಾಸಕ್ಕೆ ಬಳಸಿತು. ಅದನ್ನು ನಿಲ್ಲಿಸಬೇಕೆಂದು ಮೀನುಗಾರರೂ ಪರಿಸರ ಕಾರ್ಯಕರ್ತರೂ ದನಿ ಎತ್ತಿದ್ದು ಕರ್ನಾಟಕದ ಕಡಲ ಚಳವಳಿಗಳಲ್ಲಿ ನೆನಪಿಡಬೇಕಾದ ಅಧ್ಯಾಯ. ಪುನೀತ್ ರಾಜಕುಮಾರ್ ಅವರ ಕೊನೆಯ ಚಿತ್ರ ‘ಗಂಧದ ಗುಡಿ’ (2022) ನೇತ್ರಾಣಿಯ ನೀರಿನಡಿಯನ್ನು ಊರೂರಿನ ಚಿತ್ರಮಂದಿರಗಳಿಗೆ ತಂದಿತು. ಕಲ್ಯಾಣ ಕರ್ನಾಟಕದ ಎಷ್ಟೋ ಜನಕ್ಕೆ ಕರ್ನಾಟಕದಲ್ಲೂ ಹವಳವಿದೆ ಎಂದು ಗೊತ್ತಾದದ್ದು ಆಗಲೇ.

ಇಲ್ಲಿ ಮುಳುಗುವ ಕಾಲ ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇ ತಿಂಗಳವರೆಗೆ. ಮುಂಗಾರು ಬಂತೆಂದರೆ ದೋಣಿಗಳು ದಡ ಸೇರುತ್ತವೆ. ಆದ್ದರಿಂದ ಮುರ್ಡೇಶ್ವರದಲ್ಲಿ ತರಬೇತಿ ಪಡೆಯುವವರು ಮಳೆಗಾಲಕ್ಕೆ ಮೊದಲೇ ಮುಗಿಯುವಂತೆ ಲೆಕ್ಕ ಹಾಕುತ್ತಾರೆ. ಬೇರೆ ಆಯ್ಕೆಗಳೂ ಇವೆ. ಗೋವಾದ ಗ್ರಾಂದೆ ದ್ವೀಪ, ಪುದುಚೇರಿ, ಲಕ್ಷದ್ವೀಪ, ಅಂಡಮಾನಿನ ಸ್ವರಾಜ್ ದ್ವೀಪ (2018ರವರೆಗೆ ಹ್ಯಾವ್ಲಾಕ್) ಇವೆಲ್ಲ ಹೆಸರಾದ ತಾಣಗಳು. ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮ ಸಿಂಧುದುರ್ಗ ಜಿಲ್ಲೆಯ ತಾರ್ಕರ್ಲಿಯಲ್ಲಿ ಸ್ಕೂಬಾಕ್ಕೆಂದೇ ಒಂದು ತರಬೇತಿ ಸಂಸ್ಥೆ ನಡೆಸುತ್ತದೆ. ಕರ್ನಾಟಕ ಸರ್ಕಾರ ಇಂಥ ಒಂದನ್ನು ನಮ್ಮ ಕರಾವಳಿಯಲ್ಲೂ ಕಟ್ಟಬೇಕಿತ್ತು. ನೇತ್ರಾಣಿಯಂಥ ನೀರು ಇರುವಾಗ ಕನ್ನಡದ ಮಕ್ಕಳು ಸರ್ಕಾರ ನಡೆಸುವ ತರಬೇತಿಗೆ ಮಹಾರಾಷ್ಟ್ರದ ಕಡೆ ನೋಡಬೇಕಾಗಿ ಬಂದಿರುವುದು ಸರಿಯಲ್ಲ.

ಒಳಗೆ ಬರಲು ಬೇಕಾದ್ದು

ಪ್ಯಾಡಿ ಕ್ರಮದಲ್ಲಿ ಅಭ್ಯರ್ಥಿಗೆ 18 ವರ್ಷ ತುಂಬಿರಬೇಕು. ಓಪನ್ ವಾಟರ್, ಅಡ್ವಾನ್ಸ್‌ಡ್ ಓಪನ್ ವಾಟರ್, ರೆಸ್ಕ್ಯೂ ಡೈವರ್ ಎಂಬ ಮೂರು ಹಂತ ದಾಟಿರಬೇಕು. ಕಳೆದ 24 ತಿಂಗಳೊಳಗೆ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ತರಬೇತಿ ಆಗಿರಬೇಕು, ಕಳೆದ 12 ತಿಂಗಳೊಳಗೆ ವೈದ್ಯರು ಸಹಿ ಮಾಡಿದ ದೇಹಾರ್ಹತೆಯ ಪತ್ರ ಇರಬೇಕು. ಕೋರ್ಸ್ ಆರಂಭಕ್ಕೆ ಲಾಗ್ ಬುಕ್ಕಿನಲ್ಲಿ 40 ಮುಳುಗು, ಪ್ರಮಾಣಪತ್ರ ಕೈಸೇರಲು 60 ಮುಳುಗು ದಾಖಲಾಗಬೇಕು. ಒಳನಾಡಿನವರಿಗೆ ಕಷ್ಟವಾಗುವುದು ಈ ಕೊನೆಯದೇ. ಕಡಲೂರಿನಲ್ಲಿ ಇರುವವನು ಒಂದು ಋತುವಿನಲ್ಲಿ ಸಲೀಸಾಗಿ ತುಂಬಿಸುವ ಸಂಖ್ಯೆಗೆ ಜಹೀರಾಬಾದಿನವರು ರಜೆಗಳನ್ನು ಒಟ್ಟುಗೂಡಿಸಿ ಮತ್ತೆ ಮತ್ತೆ ಪ್ರಯಾಣ ಮಾಡಬೇಕು, ಇಲ್ಲವೇ ಕೆಲಸ ಬಿಟ್ಟು ಕೆಲವು ತಿಂಗಳು ಕರಾವಳಿಯಲ್ಲೇ ನೆಲೆಸಬೇಕು.

ವೈದ್ಯಕೀಯ ಪತ್ರವನ್ನು ಕೆಲವರು ಬರೀ ಕಾಗದವೆಂದು ಹಗುರವಾಗಿ ಕಾಣುತ್ತಾರೆ. ಅದು ತಪ್ಪು. ಉಬ್ಬಸ, ಮೂರ್ಛೆರೋಗ, ತೂತುಬಿದ್ದ ಕಿವಿತಮಟೆ, ಹಿಂದೆ ಒಮ್ಮೆ ಶ್ವಾಸಕೋಶ ಕುಸಿದಿದ್ದರೆ ಅದು, ಹೃದಯದ ತೊಂದರೆ, ಇವೆಲ್ಲ ನೆಲದ ಮೇಲೆ ಸುಮ್ಮನಿದ್ದು ನೀರಿನಡಿ ಕೊಲ್ಲಬಲ್ಲವು. ಮುಂದಾಳಾಗುವವನ ದೇಹ ಕೈಕೊಟ್ಟರೆ ಅವನ ಹಿಂದಿರುವವರೂ ಅಪಾಯಕ್ಕೆ ಸಿಲುಕುತ್ತಾರೆ.

ನೀರಿನ ಪರೀಕ್ಷೆಗಳು

ಮೊದಲು ಬರುವುದು ಉಪಕರಣವಿಲ್ಲದ ಈಜು. 400 ಮೀಟರನ್ನು ಎಲ್ಲೂ ನಿಲ್ಲದೆ, ಯಾವ ಸಲಕರಣೆಯ ನೆರವೂ ಇಲ್ಲದೆ ಈಜಬೇಕು. ಆರೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ಣ 5 ಅಂಕ, 13 ನಿಮಿಷ ಮೀರಿದರೆ ಒಂದೇ ಅಂಕ. ನಂತರ 15 ನಿಮಿಷ ನಿಂತಲ್ಲೇ ತೇಲಬೇಕು, ಕೊನೆಯ ಎರಡು ನಿಮಿಷ ಎರಡೂ ಕೈ ನೀರಿನ ಮೇಲಿರಬೇಕು. ಮಾಸ್ಕ್, ಸ್ನಾರ್ಕೆಲ್, ಫಿನ್ಸ್ ತೊಟ್ಟು ಮುಖ ನೀರಲ್ಲಿಟ್ಟು 800 ಮೀಟರ್. ಪೂರ್ಣ ಉಪಕರಣ ತೊಟ್ಟು, ಮಿಸುಕಾಡದೆ ಬಿದ್ದಿರುವ ಇನ್ನೊಬ್ಬ ಮುಳುಗುಗಾರನನ್ನು 100 ಮೀಟರ್ ಎಳೆದೊಯ್ಯುವುದು. ಬಾವಿಯಲ್ಲಿ ಈಜು ಕಲಿತವರಿಗೆ ಇಲ್ಲಿ ಒಂದು ಅನುಕೂಲ, ಒಂದು ಅನನುಕೂಲ. ಆಳದ ಭಯ ಅವರಿಗಿಲ್ಲ, ನಿಂತು ತೇಲುವುದು ಸಲೀಸು. ಆದರೆ ಬಾವಿಯಲ್ಲಿ ನಾಲ್ಕು ಕೈ ಬೀಸಿದರೆ ಗೋಡೆ ಸಿಗುತ್ತದೆ. ದೂರ ಈಜುವ ಉಸಿರಿನ ಲಯ, ನೀರಲ್ಲಿ ಮುಖವಿಟ್ಟು ಪಕ್ಕಕ್ಕೆ ಉಸಿರೆಳೆಯುವ ಕ್ರಮ ಅವರಿಗೆ ಹೊಸದು. ಅದಕ್ಕೆ ಕೊಳದಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಬೇಕು, ಅಡ್ಡದಾರಿ ಇಲ್ಲ.

ಐದನೆಯದೇ ಎಲ್ಲಕ್ಕಿಂತ ಕಠಿಣ: ನೀರಿನಡಿ ಉಪಕರಣ ವಿನಿಮಯ. ಇಬ್ಬರು ಅಭ್ಯರ್ಥಿಗಳು ಕೊಳದ ತಳದಲ್ಲಿ ಎದುರುಬದುರು ಮಂಡಿಯೂರುತ್ತಾರೆ. ಇಬ್ಬರಿಗೂ ಇರುವುದು ಒಂದೇ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನ. ಒಬ್ಬರು ಎರಡು ಉಸಿರು ಎಳೆದು ಅದನ್ನು ಇನ್ನೊಬ್ಬರಿಗೆ ಕೊಡಬೇಕು, ಅದು ಮರಳಿ ಬರುವವರೆಗೆ ಬಾಯಿಂದ ಸಣ್ಣ ಗುಳ್ಳೆಗಳನ್ನು ಬಿಡುತ್ತಿರಬೇಕು. ಈ ಕೊಡುಕೊಳ್ಳುವಿಕೆ ನಡೆದಿರುವಾಗಲೇ ಮಾಸ್ಕ್ ಕಳಚಿ ಅದಲುಬದಲು ಮಾಡಬೇಕು. ಮಾಸ್ಕ್ ತೆಗೆದ ಕ್ಷಣ ಮೂಗಿಗೆ ನೀರು ನುಗ್ಗುತ್ತದೆ, ಕಣ್ಣಿಗೆ ಎದುರಿನವರು ಬರೀ ಮಸುಕು. ಆಮೇಲೆ ಫಿನ್ಸ್. ಆಮೇಲೆ ಸಿಲಿಂಡರ್ ಸಮೇತ, ತೇಲುವಿಕೆ ಹೊಂದಿಸುವ ಬಿಸಿಡಿ ಜಾಕೆಟ್. ಜಾಕೆಟ್ ಕಳಚಿದವರು ಮೇಲಕ್ಕೆ ತೇಲತೊಡಗುತ್ತಾರೆ, ಎದುರಿನವರು ಹಿಡಿದುಕೊಳ್ಳಬೇಕು. ಅವಸರ ಮಾಡಿದವರೂ ಜೊತೆಗಾರರ ಸರದಿ ಮರೆತು ಹೆಚ್ಚು ಉಸಿರೆಳೆದವರೂ ಇಲ್ಲಿ ಸಿಕ್ಕಿಬೀಳುತ್ತಾರೆ. ಸಮುದ್ರದಲ್ಲಿ ಯಾರೂ ಫಿನ್ಸ್ ಬದಲಾಯಿಸಿಕೊಳ್ಳುವುದಿಲ್ಲ ನಿಜ. ಆದರೆ ಉಸಿರಿಗೆ ಕೊರತೆಯಾದಾಗ, ಕಣ್ಣು ಕಾಣದಾದಾಗ, ಕೆಲಸವನ್ನು ಒಂದೊಂದಾಗಿ ಮಾಡಿ ಮುಗಿಸುವ ಮನಸ್ಸಿದೆಯೇ ಎಂದು ತಿಳಿಯಲು ಇದಕ್ಕಿಂತ ನೇರ ದಾರಿ ನನಗೆ ತೋರುವುದಿಲ್ಲ.

ಇವುಗಳ ಜೊತೆಗೆ ಪ್ರಜ್ಞೆ ತಪ್ಪಿದವರನ್ನು ತಳದಿಂದ ಮೇಲೆತ್ತಿ, ಉಸಿರು ಕೊಡುತ್ತ ದೋಣಿಗೆ ತರುವ ರಕ್ಷಣಾ ಪರೀಕ್ಷೆಯಿದೆ. 24 ಮೂಲ ಕೌಶಲಗಳನ್ನು ಕಲಿಯುವವರಿಗೆ ತೋರಿಸುವಷ್ಟು ನಿಧಾನವಾಗಿ, ಸ್ಪಷ್ಟವಾಗಿ ಮಾಡಿ ತೋರಿಸಬೇಕು.

ಒತ್ತಡದ ಲೆಕ್ಕ

ಬರವಣಿಗೆಯ ಪರೀಕ್ಷೆ ಭೌತಶಾಸ್ತ್ರ, ಶರೀರಶಾಸ್ತ್ರ, ಉಪಕರಣ, ಒತ್ತಡ ಇಳಿಕೆಯ ಕೋಷ್ಟಕಗಳು, ಕಡಲ ಪರಿಸರ, ಮೇಲ್ವಿಚಾರಣೆ ಇವುಗಳ ಮೇಲೆ, ಉತ್ತೀರ್ಣಕ್ಕೆ ಶೇ. 75. ಕಲಾ ವಿಭಾಗದಲ್ಲಿ ಓದಿದವರು ಇದಕ್ಕೆ ಅಂಜುತ್ತಾರೆ, ಅಂಜಬೇಕಿಲ್ಲ. ಪಿಯುಸಿ ಮಟ್ಟದ ಗಣಿತ ಸಾಕು, ಆದರೆ ಅದು ಬೆರಳ ತುದಿಯಲ್ಲಿರಬೇಕು.

ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ. 20 ಮೀಟರಿನಲ್ಲಿ ಒತ್ತಡ ಮೂರು ಪಟ್ಟು, ಹಾಗಾಗಿ ಪ್ರತಿ ಉಸಿರಿಗೂ ಮೂರು ಪಟ್ಟು ಗಾಳಿ ಖರ್ಚು. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ 2,400 ಲೀಟರ್ ಗಾಳಿ ಇರುತ್ತದೆ. 50 ಬಾರ್ ಮೀಸಲು ಮುಟ್ಟಬಾರದು, ಅಲ್ಲಿಗೆ ಉಳಿದದ್ದು 1,800 ಲೀಟರ್. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 20 ಮೀಟರ್ ಆಳದಲ್ಲಿ 60 ಲೀಟರ್ ಬೇಕು, ಅಂದರೆ 30 ನಿಮಿಷ. ಗಾಬರಿಯಾಗಿ ಉಸಿರಾಟ ಎರಡರಷ್ಟಾದರೆ ಅದೇ ಗಾಳಿ 15 ನಿಮಿಷಕ್ಕೆ ಮುಗಿಯುತ್ತದೆ. ಮುಂದಾಳು ತನ್ನ ಗಾಳಿಯನ್ನು ಆಧರಿಸಿ ಯೋಜನೆ ಹಾಕುವಂತಿಲ್ಲ. ತಂಡದಲ್ಲಿ ಎಲ್ಲರಿಗಿಂತ ಬೇಗ ಗಾಳಿ ಮುಗಿಸುವವರು ಯಾರೆಂದು ಮೊದಲ ಹತ್ತು ನಿಮಿಷದಲ್ಲೇ ಗುರುತಿಸಿ, ಅವರ ಗಡಿಯಾರಕ್ಕೆ ಎಲ್ಲರನ್ನೂ ಹೊಂದಿಸಬೇಕು.

ಮುಳುಗಿದ ವಸ್ತುವನ್ನು ಚೀಲದಲ್ಲಿ ಗಾಳಿ ತುಂಬಿಸಿ ಮೇಲೆತ್ತುವ ಲೆಕ್ಕವೂ ಪಠ್ಯದಲ್ಲಿದೆ. ತಾಂಡೂರಿನವರಿಗೆ ಇದನ್ನು ಅವರದೇ ಕಲ್ಲಿನಿಂದ ವಿವರಿಸಬಹುದು. ಕ್ವಾರಿಯ ನೀರಿಗೆ 52 ಕಿಲೋ ತೂಕದ ಹಾಸುಗಲ್ಲು ಬಿದ್ದಿದೆ, ಅದರ ಗಾತ್ರ 20 ಲೀಟರ್ ಎಂದುಕೊಳ್ಳಿ. ಅದು ಪಕ್ಕಕ್ಕೆ ಸರಿಸಿದ ಸಿಹಿನೀರಿನ ತೂಕ 20 ಕಿಲೋ. ಆದ್ದರಿಂದ ನೀರಿನಡಿ ಕಲ್ಲಿನ ತೂಕ 32 ಕಿಲೋ ಮಾತ್ರ, ಚೀಲಕ್ಕೆ 32 ಲೀಟರ್ ಗಾಳಿ ಹಾಕಿದರೆ ಸಮತೂಕ. ಆದರೆ 10 ಮೀಟರ್ ಆಳದಲ್ಲಿ ತುಂಬಿದ 32 ಲೀಟರ್, ಮೇಲೆ ಬರುತ್ತ ಹಿಗ್ಗಿ 64 ಲೀಟರಿನ ಹತ್ತಿರ ಹೋಗುತ್ತದೆ. ಗಾಳಿ ಬಿಡುವ ದಾರಿ ಇಟ್ಟಿಲ್ಲವಾದರೆ ಚೀಲ ಕಲ್ಲಿನ ಸಮೇತ ರಭಸದಿಂದ ಮೇಲೆ ಚಿಮ್ಮುತ್ತದೆ, ಮೇಲ್ಮೈಯಲ್ಲಿ ಚೀಲ ಮಗುಚಿ ಕಲ್ಲು ಕೆಳಗಿದ್ದವರ ಮೇಲೆ ಬೀಳುತ್ತದೆ. ಉಸಿರು ಬಿಗಿಹಿಡಿದು ಮೇಲೇರುವ ಮನುಷ್ಯನ ಶ್ವಾಸಕೋಶಕ್ಕೆ ಆಗುವುದೂ ಇದೇ ಹಿಗ್ಗುವಿಕೆ. ಹೀಗಾಗಿ ಸ್ಕೂಬಾದ ಮೊದಲ ನಿಯಮ ಉಸಿರನ್ನು ಎಂದಿಗೂ ಬಿಗಿಹಿಡಿಯಬಾರದು ಎಂಬುದು.

ಸಾರಜನಕದ ಲೆಕ್ಕ ಇನ್ನೂ ಸೂಕ್ಷ್ಮ. ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತ, ಮಾಂಸಖಂಡಗಳಲ್ಲಿ ಕರಗಿ ಕೂರುತ್ತದೆ. ಬೇಗ ಮೇಲೆ ಬಂದರೆ ಗುಳ್ಳೆಯಾಗಿ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ತೊಂದರೆ ಕೊಡುತ್ತದೆ. ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ಮಾಡಿ 1908ರಲ್ಲಿ ಪ್ರಕಟಿಸಿದ ಕೋಷ್ಟಕಗಳೇ ಇಂದಿನ ಡೈವ್ ಕಂಪ್ಯೂಟರುಗಳ ಮೂಲ. ಪ್ಯಾಡಿ ಕೋಷ್ಟಕದ ಪ್ರಕಾರ ಒಂದೇ ಮುಳುಗಿಗೆ 18 ಮೀಟರಿನಲ್ಲಿ ಗರಿಷ್ಠ 56 ನಿಮಿಷ, 30 ಮೀಟರಿನಲ್ಲಿ 20 ನಿಮಿಷ. ಮೇಲೇರುವ ವೇಗ ನಿಮಿಷಕ್ಕೆ 9 ಮೀಟರ್ ಮೀರದಂತೆ ನೋಡಿಕೊಳ್ಳುವುದು, 5 ಮೀಟರಿನಲ್ಲಿ 3 ನಿಮಿಷ ನಿಲ್ಲುವುದು ಈಗಿನ ಪದ್ಧತಿ.

ಪ್ರಸ್ಥಭೂಮಿಯ ನಿವಾಸಿಗಳು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಸಮುದ್ರಮಟ್ಟದಿಂದ 300 ಮೀಟರ್ ಮೇಲಿನ ಯಾವ ನೀರಿನಲ್ಲಿ ಮುಳುಗಿದರೂ ಅದು ‘ಎತ್ತರದ ಮುಳುಗು’ ಎನಿಸುತ್ತದೆ, ಅದಕ್ಕೆ ಬೇರೆ ಕೋಷ್ಟಕ, ಬೇರೆ ತರಬೇತಿ. ಜಹೀರಾಬಾದ್ ಇರುವುದು 600 ಮೀಟರಿನ ಆಸುಪಾಸು, ತಾಂಡೂರು ಸುಮಾರು 450. ಅಂದರೆ ಊರ ಬಾವಿಯ ನೀರೂ ಲೆಕ್ಕಕ್ಕೆ ಎತ್ತರದ್ದೇ. ಎತ್ತರಕ್ಕೇರಿದಂತೆ ಗಾಳಿಯ ಒತ್ತಡ ಇಳಿಯುವುದರಿಂದ ವಾಪಸು ಪ್ರಯಾಣಕ್ಕೂ ಇದು ಅನ್ವಯ. ಹಲವು ದಿನ ಮುಳುಗಿದವರು ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕೆಂಬುದು ಮುಳುಗುಗಾರರ ಸುರಕ್ಷತೆಗೆ ದುಡಿಯುವ ‘ಡ್ಯಾನ್’ ಸಂಸ್ಥೆಯ ಸಲಹೆ. ಮುರ್ಡೇಶ್ವರದಿಂದ ಅಂಕೋಲಾ, ಅರಬೈಲು ಘಟ್ಟ, ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ರಸ್ತೆ ಕೆಲವೇ ಗಂಟೆಗಳಲ್ಲಿ ನೂರಾರು ಮೀಟರ್ ಮೇಲೇರುತ್ತದೆ. ಬೆಳಗ್ಗೆ ಮುಳುಗಿ ಅಂದೇ ಸಂಜೆ ಘಟ್ಟ ಹತ್ತುವ ಅಭ್ಯಾಸವನ್ನು ಬುದ್ಧಿವಂತ ಮುಂದಾಳು ಉತ್ತೇಜಿಸುವುದಿಲ್ಲ. ಒಂದು ರಾತ್ರಿ ಕಡಲ ತೀರದಲ್ಲೇ ಉಳಿಯಿರಿ ಎನ್ನುತ್ತಾನೆ.

ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕವೂ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಸಿಹಿನೀರಿಗಿಂತ ಉಪ್ಪುನೀರು ಶೇ. 2.5ರಷ್ಟು ಹೆಚ್ಚು ಸಾಂದ್ರ. ಮೈ ಮತ್ತು ಉಪಕರಣ ಸೇರಿ 100 ಕಿಲೋ ತೂಗುವವರಿಗೆ ಹೈದರಾಬಾದಿನ ಕೊಳದಲ್ಲಿ ಸರಿಹೋದ ಸೀಸದ ಪಟ್ಟಿಗೆ ನೇತ್ರಾಣಿಯಲ್ಲಿ ಸುಮಾರು ಎರಡೂವರೆ ಕಿಲೋ ಸೇರಿಸಬೇಕಾಗುತ್ತದೆ.

ಮುನ್ನಡೆಸುವ ಕಲೆ

ಈವರೆಗಿನದು ಓದಿ, ಬೆವರು ಸುರಿಸಿ ಗಳಿಸುವಂಥದ್ದು. ಕೋರ್ಸಿನ ಹೃದಯ ಬೇರೆ ಕಡೆ ಇದೆ. ಅಭ್ಯರ್ಥಿ ಬೋಧಕರ ಕಣ್ಣೆದುರು ನಿಜವಾದ ತಂಡಗಳನ್ನು ನಡೆಸಬೇಕು: ಕೊಳದಲ್ಲಿ ಹೊಸಬರ ತರಗತಿಗೆ ನೆರವಾಗುವುದು, ಸಮುದ್ರದಲ್ಲಿ ಅವರ ಮೇಲೆ ಕಣ್ಣಿಡುವುದು, ಮುಂದಿನ ಹಂತದ ವಿದ್ಯಾರ್ಥಿಗಳ ಜೊತೆ ಇಳಿಯುವುದು, ಕೊನೆಗೆ ಪ್ರಮಾಣಪತ್ರವಿರುವ ಪ್ರವಾಸಿಗಳನ್ನು ಸ್ವತಃ ಕರೆದೊಯ್ಯುವುದು. ಒಂದು ಮುಳುಗು ತಾಣದ ನಕ್ಷೆಯನ್ನೂ ಬರೆಯಬೇಕು. ದಿಕ್ಸೂಚಿ ಹಿಡಿದು, ಕಾಲಿನ ಒದೆತಗಳನ್ನು ಎಣಿಸಿ ದೂರ ಅಳೆದು, ಆಳ, ಬಂಡೆ, ಹವಳ, ಸೆಳವಿನ ದಿಕ್ಕು, ದೋಣಿ ಲಂಗರು ಹಾಕುವ ಜಾಗಗಳನ್ನೆಲ್ಲ ನೀರಿನಡಿ ಬರೆಯುವ ಪ್ಲಾಸ್ಟಿಕ್ ಹಲಗೆಯ ಮೇಲೆ ಗುರುತಿಸಬೇಕು. ತುರ್ತು ಯೋಜನೆಯೊಂದನ್ನು ಬರೆದಿಡಬೇಕು: ಆಮ್ಲಜನಕದ ಕಿಟ್ ದೋಣಿಯ ಯಾವ ಮೂಲೆಯಲ್ಲಿದೆ, ಯಾರು ಯಾರಿಗೆ ಕರೆ ಮಾಡಬೇಕು, ಹತ್ತಿರದ ಆಸ್ಪತ್ರೆ ಯಾವುದು, ಸಾರಜನಕದ ಗುಳ್ಳೆಗಳಿಗೆ ಚಿಕಿತ್ಸೆ ಕೊಡುವ ಒತ್ತಡ ಕೋಣೆ ಎಲ್ಲಿದೆ. ಭಾರತದಲ್ಲಿ ಒತ್ತಡ ಕೋಣೆಗಳು ವಿರಳ, ಕೆಲವು ನೌಕಾಪಡೆಯ ಆಸ್ಪತ್ರೆಗಳಲ್ಲಿವೆ. ಅಪಘಾತವಾದ ಮೇಲೆ ಅವುಗಳನ್ನು ಹುಡುಕಲು ಹೊರಟರೆ ತಡವಾಗಿರುತ್ತದೆ.

ಬ್ರೀಫಿಂಗ್ ಎಂಬುದೂ ಪರೀಕ್ಷೆಯ ವಿಷಯವೇ. ನೀರಿಗಿಳಿಯುವ ಮೊದಲು ಐದಾರು ನಿಮಿಷದಲ್ಲಿ ಮುಂದಾಳು ಆಡುವ ಮಾತಿನ ಮೇಲೆ ಅರ್ಧ ಸುರಕ್ಷತೆ ನಿಂತಿದೆ. ಬೆರಳುಗಳ ಸಂಜ್ಞೆ ನೆಲದ ಮೇಲಿನಂತಲ್ಲ: ಹೆಬ್ಬೆರಳು ಮೇಲೆತ್ತಿದರೆ ‘ಮೇಲೆ ಹೋಗೋಣ’, ಹೆಬ್ಬೆರಳು ತೋರುಬೆರಳು ಕೂಡಿಸಿ ಸೊನ್ನೆ ಮಾಡಿದರೆ ‘ಸರಿ ಇದ್ದೇನೆ’, ಅಂಗೈ ಚಪ್ಪಟೆ ಹಿಡಿದು ಅಲ್ಲಾಡಿಸಿದರೆ ‘ಏನೋ ತೊಂದರೆ’, ಕತ್ತಿನ ಮುಂದೆ ಕೈ ಅಡ್ಡ ಎಳೆದರೆ ‘ಗಾಳಿ ಇಲ್ಲ’. ಖುಷಿಯಾಗಿ ಹೆಬ್ಬೆರಳೆತ್ತಿದ ಪ್ರವಾಸಿಯನ್ನು ಮುಂದಾಳು ಮೇಲಕ್ಕೆ ಕರೆದೊಯ್ಯುವ ಪ್ರಸಂಗ ಸ್ಕೂಬಾದಲ್ಲಿ ಸಾಮಾನ್ಯ. ಇದನ್ನೆಲ್ಲ ಕೇಳುವವರ ನುಡಿಯಲ್ಲಿ ಹೇಳಿದರೆ ನಾಟುತ್ತದೆ. “ನೋಡ್ರಿ ಅಣ್ಣಾರ, ಗಾಳಿ ನೂರಕ್ಕ ಬಂದ ಕೂಡಲೆ ನನಗ ತೋರಸ್ರಿ, ಐವತ್ತಾಗೋತನಕ ಕಾಯಬ್ಯಾಡ್ರಿ. ಕಿವಿ ನೋಯಾಕ ಹತ್ತಿದ್ರ ಕೆಳಗ ಇಳೀಬ್ಯಾಡ್ರಿ, ಜರಾ ಮ್ಯಾಲ ಬಂದು ನಿಲ್ರಿ, ನಾ ನಿಮ್ಮ ಕೂಡ ಇರ್ತೀನಿ” ಎಂದು ಒಬ್ಬ ಡಿಎಂ ಹೇಳಿದರೆ, ಬೀದರಿನಿಂದಲೋ ಕಲಬುರಗಿಯಿಂದಲೋ ಬಂದ ಕುಟುಂಬದ ಹೆದರಿಕೆ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಇಂಗ್ಲಿಷಿನ ಕೈಪಿಡಿ ಊಹಿಸಲಾರದು.

ಗಡಿನಾಡಿನ ಅಭ್ಯರ್ಥಿಗೆ ದೊಡ್ಡ ಬಲವಿರುವುದು ಇಲ್ಲೇ. ಕನ್ನಡ, ತೆಲುಗು, ಉರ್ದು ಮೂರನ್ನೂ ಹುಟ್ಟಿನಿಂದ ಆಡುವವರು ನೇತ್ರಾಣಿಯ ದೋಣಿಯಲ್ಲಿ ಬೆಂಗಳೂರಿನವರಿಗೂ ಹೈದರಾಬಾದಿನವರಿಗೂ ಅವರವರ ಮಾತಿನಲ್ಲೇ ಧೈರ್ಯ ಹೇಳಬಲ್ಲರು. ಕಡಲು ದೂರವಿದೆ ಎಂಬ ಕೊರತೆಯನ್ನು ಈ ಗುಣ ಬಹುಮಟ್ಟಿಗೆ ತುಂಬಿಕೊಡುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ನೀರಿನಡಿ ಮುಂದಾಳಿನ ಕೆಲಸ ಹೆಚ್ಚಾಗಿ ನೋಡುವುದು. ಮೊದಲ ಐದು ಮೀಟರಿನಲ್ಲಿ ಯಾರ ಕಿವಿ ಹೊಂದಿಕೊಳ್ಳುತ್ತಿಲ್ಲ, ಯಾರ ಗುಳ್ಳೆಗಳು ಬಿಡುವಿಲ್ಲದೆ ಏರುತ್ತಿವೆ, ಯಾರ ಕಣ್ಣು ಮಾಸ್ಕಿನೊಳಗೆ ಅಗಲವಾಗಿವೆ, ಯಾರು ಜೊತೆಗಾರರನ್ನು ಬಿಟ್ಟು ಮೀನಿನ ಹಿಂದೆ ಹೊರಟಿದ್ದಾರೆ. ಹವಳದ ಮೇಲೆ ಯಾರೂ ಕಾಲಿಡದಂತೆ, ಕೈಯಾಡಿಸದಂತೆ ತಡೆಯುವುದೂ ಅವರದೇ ಕರ್ತವ್ಯ. ಒಂದು ಒದೆತಕ್ಕೆ ಮುರಿಯುವ ಹವಳ ಬೆಳೆಯಲು ಹತ್ತಾರು ವರ್ಷ ಹಿಡಿದಿರುತ್ತದೆ.

ಪತ್ರ ಕೈಗೆ ಬಂದ ಮೇಲೆ

ತರಬೇತಿಯ ಅವಧಿ ಕೆಲವು ವಾರಗಳಿಂದ ಕೆಲವು ತಿಂಗಳು. ಅನೇಕ ಕೇಂದ್ರಗಳು ಇಂಟರ್ನ್‌ಶಿಪ್ ಪದ್ಧತಿ ಅನುಸರಿಸುತ್ತವೆ: ಶುಲ್ಕದಲ್ಲಿ ರಿಯಾಯಿತಿ ಕೊಟ್ಟು, ಬದಲಿಗೆ ಟ್ಯಾಂಕ್ ಹೊರುವ, ಕಂಪ್ರೆಸರ್‌ನಿಂದ ಗಾಳಿ ತುಂಬುವ, ಉಪಕರಣ ತೊಳೆಯುವ, ದೋಣಿ ಸಜ್ಜುಗೊಳಿಸುವ ಕೆಲಸ ಮಾಡಿಸಿಕೊಳ್ಳುತ್ತವೆ. ಈ ಕೆಲಸಗಳನ್ನು ಕೀಳೆಂದು ಭಾವಿಸಬಾರದು. ರೆಗ್ಯುಲೇಟರಿನ ಸೋರಿಕೆ ಕಿವಿಗೆ ಬೀಳುವುದು ದಿನಾ ತೊಳೆದವರಿಗೇ. ಆದರೆ ಕಲಿಸುವ ಹೊತ್ತು ಕಡಿಮೆಯಾಗಿ ಹೊರಿಸುವ ಹೊತ್ತೇ ಹೆಚ್ಚಾದರೆ ಅದು ತರಬೇತಿಯಲ್ಲ, ಪುಕ್ಕಟೆ ದುಡಿಮೆ. ಎಷ್ಟು ಮುಳುಗು, ಎಷ್ಟು ತರಗತಿ, ಯಾವ ತಿಂಗಳು ಮುಗಿಯುತ್ತದೆ ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯುವುದು ಒಳ್ಳೆಯದು.

ಡೈವ್‌ಮಾಸ್ಟರ್ ಪತ್ರದಿಂದ ಪ್ರಮಾಣಿತ ಮುಳುಗುಗಾರರನ್ನು ಮುನ್ನಡೆಸಬಹುದು, ಬೋಧಕರಿಗೆ ನೆರವಾಗಬಹುದು, ಸ್ನಾರ್ಕೆಲಿಂಗ್ ತಂಡಗಳನ್ನು ನಡೆಸಬಹುದು. ಹೊಸಬರಿಗೆ ಕೋರ್ಸ್ ಕಲಿಸಿ ಪ್ರಮಾಣಪತ್ರ ಕೊಡುವ ಅಧಿಕಾರ ಇರುವುದಿಲ್ಲ. ಎಂದೂ ನೀರಿಗಿಳಿಯದ ಪ್ರವಾಸಿಯನ್ನು ಬೋಧಕರಿಲ್ಲದೆ ನೇರ ಸಮುದ್ರಕ್ಕೆ ಇಳಿಸುವ ಅಧಿಕಾರವೂ ಅದರಿಂದ ಬರುವುದಿಲ್ಲ. ಸದಸ್ಯತ್ವವನ್ನು ವರ್ಷವರ್ಷ ನವೀಕರಿಸದಿದ್ದರೆ ಮುಂದಾಳಾಗಿ ದುಡಿಯುವಂತಿಲ್ಲ. ಬೋಧಕರಾಗಬೇಕೆನ್ನುವವರು ಮುಂದೆ ಬೋಧಕ ತರಬೇತಿ ಪಡೆದು, 100 ಮುಳುಗು ಪೂರೈಸಿ, ಪ್ರತ್ಯೇಕ ಪರೀಕ್ಷೆ ಬರೆಯಬೇಕು.

ಈ ವಿದ್ಯೆಯನ್ನು ಶವಶೋಧ, ಪ್ರವಾಹ ರಕ್ಷಣೆಗಳೊಂದಿಗೆ ಬೆರೆಸಬಾರದು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಗೆ ಇಳಿದು ಹುಡುಕಿದ ಮಲ್ಪೆಯ ಈಶ್ವರ್ ಅವರಂಥವರ ಧೈರ್ಯ, ಅನುಭವ ಬೇರೆಯೇ ಬಗೆಯದು. ಸಿಂಗೂರಿನಲ್ಲೋ ಕಾಗಿಣೆಯಲ್ಲೋ ಯಾರಾದರೂ ಮುಳುಗಿದಾಗ ಪೊಲೀಸರು ಕರೆಸುವ, ತೆಲುಗಿನಲ್ಲಿ ‘ಗಜ ಈತಗಾಳ್ಳು’ ಎನ್ನುವ ನುರಿತ ಈಜುಗಾರರ ಕಸುಬೂ ಹಾಗೆಯೇ. ಕೆಸರಿನಲ್ಲಿ, ಸೆಳವಿನಲ್ಲಿ, ಕಾಣದ ತಳದಲ್ಲಿ ಹುಡುಕಲು ಪ್ರತ್ಯೇಕ ತರಬೇತಿ ಬೇಕು. ಡೈವ್‌ಮಾಸ್ಟರ್ ಪತ್ರ ಜೇಬಿನಲ್ಲಿದೆಯೆಂದು ಊರವರ ಒತ್ತಾಯಕ್ಕೆ ಕ್ವಾರಿಗಿಳಿದರೆ ಒಂದು ಸಾವು ಎರಡಾಗುತ್ತದೆ. ಆದರೆ ಡೈವ್‌ಮಾಸ್ಟರ್ ಆಗುವ ದಾರಿಯಲ್ಲಿ ಕಲಿತ ಸಿಪಿಆರ್, ಆಮ್ಲಜನಕ ಕೊಡುವ ಕ್ರಮ, ದಡದಿಂದಲೇ ಹಗ್ಗವೋ ಟ್ಯೂಬೋ ಎಸೆದು ಎಳೆದುಕೊಳ್ಳುವ ಬಗೆ ಇವು ಊರಿಗೆ ನಿಜಕ್ಕೂ ಉಪಯೋಗ. ಕೆರೆ, ಬಾವಿ, ಕ್ವಾರಿಗಳ ಈ ಸೀಮೆಯಲ್ಲಿ ಪ್ರತಿ ಪ್ರೌಢಶಾಲೆಗೂ ಇಷ್ಟನ್ನು ಕಲಿಸಬಲ್ಲ ಒಬ್ಬರಾದರೂ ಬೇಕು.

ತರಬೇತಿಗೆ ಹೊರಡುವವರಿಗೆ ಒಂದೆರಡು ಮಾತು. ಮೊದಲು ಕೊಳದಲ್ಲಿ 400 ಮೀಟರ್ ನಿಲ್ಲದೆ ಈಜಿ ನೋಡಿಕೊಳ್ಳಿ, ಆಮೇಲೆ ಹಣದ ಯೋಚನೆ ಮಾಡಿ. ಕೇಂದ್ರಕ್ಕೂ ಬೋಧಕರಿಗೂ ಈ ವರ್ಷದ ಮಾನ್ಯತೆ ಇದೆಯೇ ಎಂದು ಆಯಾ ಸಂಸ್ಥೆಯಲ್ಲೇ ವಿಚಾರಿಸಿ. ದೋಣಿಯಲ್ಲಿ ಆಮ್ಲಜನಕದ ಕಿಟ್ ಎಲ್ಲಿದೆ ಎಂದು ಕೇಳಿ, ತೆಗೆದು ತೋರಿಸಲು ಹೇಳಿ. ವೈದ್ಯರ ಸಹಿ ಇಲ್ಲದ ಅರ್ಜಿಯನ್ನು ಸುಮ್ಮನೆ ಒಪ್ಪಿಕೊಳ್ಳುವ ಕೇಂದ್ರ ಎದುರಾದರೆ, ಎಷ್ಟೇ ದೂರದಿಂದ ಬಂದಿರಲಿ, ಅಲ್ಲಿಂದ ಹಾಗೇ ವಾಪಸು ಬನ್ನಿ.